‘ಚೋಮನ ದುಡಿ’ಯ ಬೆಳ್ಳಿ: ತುಳುನಾಡಿನ ಸ್ತ್ರೀಹಕ್ಕೂ ಕಾರಕವಿಚಾರವೂ

ಮೂಡುಬಿದಿರೆಯ ಸಮೀಪದ ಪುತ್ತಿಗೆಯು ಒಂದು ಕಾಲಕ್ಕೆ ಚೌಟ ಅರಸರ ರಾಜಧಾನಿಯಾಗಿದ್ದಿತು. 16ನೆಯ ಶತಮಾನದಲ್ಲಿ ಉಳ್ಳಾಲದಿಂದ ಪೋರ್ಚುಗೀಸರನ್ನು ಎದುರಿಸಿದ ಅಬ್ಬಕ್ಕದೇವಿಯು ಈ ವಂಶದವಳೇ. ಅಳಿಯಸಂತಾನಪದ್ಧತಿಯಂತೆ ಇಲ್ಲಿ ಉತ್ತರಾಧಿಕಾರವು ಹೆಣ್ಣಿನ ಸಂತತಿಯನ್ನನುಸರಿಸಿ ನಡೆಯುತ್ತಿತ್ತು. ಇದನ್ನಾಧರಿಸಿ, ತುಳುನಾಡಿನ ಸ್ತ್ರೀಯರೆಲ್ಲರೂ ಪೂರ್ವದಿಂದ ಸ್ವತಂತ್ರರೆಂದು ಹೇಳುವುದು ವಾಡಿಕೆಯಾಗಿದೆ. ಈ ಸಾಮಾನ್ಯೋಕ್ತಿಯನ್ನು ಪರೀಕ್ಷಿಸಲು ಕೋಟ ಶಿವರಾಮ ಕಾರಂತರ ‘ಚೋಮನ ದುಡಿ’ (1933)ಗಿಂತ ಉತ್ತಮವಾದ ಪಠ್ಯವು ದೊರೆಯದು.

ಚೋಮನು ಅಸ್ಪೃಶ್ಯನಾದ ಜೀತದಾಳು. ತನ್ನದೆಂಬ ಭೂಮಿಯನ್ನು ಉಳಬೇಕೆಂಬುದೇ ಅವನ ಆಸೆ, ಅದು ಕೈಗೂಡುವುದಿಲ್ಲ. ಕಾಫಿತೋಟದ ಸಾಲಕ್ಕಾಗಿ ದುಡಿಯಹೋದ ಮಕ್ಕಳಲ್ಲಿ ಒಬ್ಬನು ಸಾಯುತ್ತಾನೆ, ಇನ್ನೊಬ್ಬನು ಮರಳುವುದಿಲ್ಲ. ಕಡೆಗೆ ಮಗಳು ಬೆಳ್ಳಿಯು ಹೋಗುತ್ತಾಳೆ. ಅಲ್ಲಿ ಅಧಿಕಾರವುಳ್ಳವರ ಕಾಮಕ್ಕೆ ಆಕೆಯ ದೇಹವು ಬಲಿಯಾದ ಮೇಲೆ ಸಾಲದ ಲೆಕ್ಕವು ಮುಗಿಯುತ್ತದೆ. ಅಳಿಯಸಂತಾನದ ಹಕ್ಕು ಆಸ್ತಿಯಿದ್ದ ಮನೆತನಕ್ಕೆ ಬೆಲೆಯುಳ್ಳದ್ದು. ಭೂಮಿಯೇ ಇಲ್ಲದವರ ಮಗಳಿಗೆ ಅದರಿಂದ ಬರತಕ್ಕದ್ದೇನು?

ಅಮೆರಿಕದ ಕರಿಯ ಸ್ತ್ರೀಯರು ಎತ್ತಿದ ಪ್ರಶ್ನೆಯೂ ಇದೇ ಜಾತಿಯದು. ಜೋರಾ ನೀಲ್ ಹರ್ಸ್ಟನ್ನಳ ‘ದೇರ್ ಐಸ್ ವರ್ ವಾಚಿಂಗ್ ಗಾಡ್’ ಎಂಬ ಕಾದಂಬರಿಯು 1937ರಲ್ಲಿ, ಎಂದರೆ ‘ಚೋಮನ ದುಡಿ’ಯ ನಾಲ್ಕು ವರ್ಷಗಳ ತರುವಾಯ, ಪ್ರಕಟವಾಯಿತು. ವರ್ಣದ ಬಾಧೆಯನ್ನೂ ಸ್ತ್ರೀತ್ವದ ಬಾಧೆಯನ್ನೂ ಬೇರೆಬೇರೆಯಾಗಿ ಎಣಿಸಿದರೆ ಎರಡನ್ನೂ ಒಮ್ಮೆಗೇ ಹೊತ್ತವಳು ಲೆಕ್ಕಕ್ಕೆ ಸಿಕ್ಕುವುದಿಲ್ಲವೆಂದು ನ್ಯಾಯಶಾಸ್ತ್ರಜ್ಞೆ ಕಿಂಬರ್ಲೆ ಕ್ರೆನ್ಷಾ 1989ರಲ್ಲಿ ಪ್ರತಿಪಾದಿಸಿದಳು. ವರ್ಣದ ಸ್ಥಾನದಲ್ಲಿ ಜಾತಿಯನ್ನಿಟ್ಟರೆ ಈ ಮಾತು ಬೆಳ್ಳಿಗೂ ಸಲ್ಲುತ್ತದೆ. ಆದರೆ ಭೇದವೊಂದುಂಟು. ಹರ್ಸ್ಟನ್ನಳ ಪಾತ್ರಗಳು ತಮ್ಮ ಆಡುನುಡಿಯಲ್ಲಿಯೇ ಮಾತನಾಡುತ್ತವೆ. ತುಳುನಾಡಿನ ಆಳುಮಕ್ಕಳ ಬಾಳು ಇಲ್ಲಿ ಕನ್ನಡದಲ್ಲಿ ಬರೆಯಲ್ಪಟ್ಟಿದೆ. ಮನೆಯಲ್ಲಿ ತುಳುವನ್ನಾಡಿ ಶಾಲೆಯಲ್ಲಿ ಕನ್ನಡವನ್ನೋದುವ ಪುತ್ತಿಗೆಯ ವಿದ್ಯಾರ್ಥಿಗೆ ಈ ಅಂತರವನ್ನು ಬಿಡಿಸಿ ಹೇಳುವ ಅವಶ್ಯಕತೆಯಿಲ್ಲ.

ಇದನ್ನು ಬೋಧಿಸಲು ಹೊಸ ಶಾಸ್ತ್ರವು ಬೇಕಿಲ್ಲ. ನಮ್ಮ ವ್ಯಾಕರಣದ ಕಾರಕವಿಚಾರವೇ ಸಾಕು. ‘ಸಾಲ ತೀರಿತು’ ಎಂಬೊಂದು ವಾಕ್ಯವನ್ನು ಅಧ್ಯಾಪಕರು ಹಲಗೆಯ ಮೇಲೆ ಬರೆಯಲಿ. ಕ್ರಿಯೆಯು ಅಕರ್ಮಕ, ಸಾಲವು ತಾನಾಗಿಯೇ ತೀರಿದಂತೆ ತೋರುತ್ತದೆ. ‘ತೀರಿಸಿದರು’ ಎಂದು ಮಾಡಿದೊಡನೆ ‘ಯಾರು?’ ಎಂಬ ಪ್ರಶ್ನೆ ಏಳುತ್ತದೆ, ‘ಯಾವುದರಿಂದ?’ ಎಂದು ತೃತೀಯೆಯನ್ನು ಕೇಳಿದಾಗ ತೆತ್ತ ಬೆಲೆಯು ತಿಳಿಯುತ್ತದೆ. ಗ್ರಂಥದ ಹೆಸರಿನ ಷಷ್ಠಿಯನ್ನೂ ವಿಚಾರಿಸಬಹುದು: ಚೋಮನದೆನ್ನಬಹುದಾದದ್ದು ದುಡಿ, ಭೂಮಿಯಲ್ಲ. ಬೆಳ್ಳಿಗಾದರೋ ತನ್ನ ದೇಹದ ಮೇಲೆಯೂ ಷಷ್ಠಿಯ ಅಧಿಕಾರವಿಲ್ಲ.

ಪುತ್ತಿಗೆಯ ಇತಿಹಾಸವನ್ನು ಹೇಳುವಾಗ ಅಬ್ಬಕ್ಕನ ಕೀರ್ತಿಯನ್ನು ಕುಂದಿಸಬೇಕಾಗಿಲ್ಲ. ಅದೇ ಮಣ್ಣಿನಲ್ಲಿ ದುಡಿದ ಬೆಳ್ಳಿಯಂಥವರನ್ನು ಕರ್ತೃಪದವನ್ನಾಗಿಟ್ಟು ಇನ್ನೊಂದು ವಾಕ್ಯವನ್ನೂ ರಚಿಸಬೇಕು. ಅದಿಲ್ಲದೆ ‘ತುಳುನಾಡಿನ ಸ್ತ್ರೀ’ ಎಂಬ ಏಕವಚನವು ಪ್ರಮಾಣವೆನಿಸದು.