ಕೈತೋಟ ಮತ್ತು ಬೀಜ ವಿನಿಮಯ ಬಳಗದ ರಚನೆ: ಸಾರ್ವಜನಿಕರಿಗೆ ಮಾಹಿತಿ

ಹಿತ್ತಲು, ತಾರಸಿ ಅಥವಾ ಹೊಲದ ಬದುವಿನಲ್ಲಿ ತರಕಾರಿ ಬೆಳೆಯುವ ನಾಗರಿಕರು ನೆರೆಹೊರೆಯವರೊಡನೆ ಕೂಡಿ ಬೀಜಗಳನ್ನು ಪರಸ್ಪರ ಹಂಚಿಕೊಳ್ಳುವ ಬಳಗವನ್ನು ರಚಿಸಿಕೊಳ್ಳಬಹುದಾಗಿದೆ. ನಾಟಿ ತಳಿಯೊಂದು ಒಂದೇ ಮನೆಯಲ್ಲಿ ಉಳಿದಿದ್ದಲ್ಲಿ, ಒಂದು ವರ್ಷ ಬೆಳೆ ಕೈಕೊಟ್ಟರೆ ಅಥವಾ ಬೀಜಕ್ಕೆ ಹುಳು ಬಿದ್ದರೆ ಆ ತಳಿಯೇ ಇಲ್ಲವಾಗುತ್ತದೆ. ಅದೇ ತಳಿ ನಾಲ್ಕಾರು ಮನೆಗಳಲ್ಲಿದ್ದಲ್ಲಿ, ಕಳೆದುಕೊಂಡವರು ಅದನ್ನು ಮರಳಿ ಪಡೆಯಬಹುದು. ಇದೇ ಬಳಗದ ಮುಖ್ಯ ಉದ್ದೇಶವಾಗಿದೆ. ಉಡುಪಿ ಜಿಲ್ಲೆಯ ಮಟ್ಟುಗುಳ್ಳ ಬದನೆಯು ಬೆಳೆಗಾರರು ತಲೆಮಾರುಗಳಿಂದ ಬೀಜ ಕಾಯ್ದಿರಿಸಿಕೊಂಡು ಬಂದ ಕಾರಣ ಉಳಿದು, 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯನ್ನು ಪಡೆದಿದೆ.

ನೋಂದಣಿಯ ಅಗತ್ಯವಿದೆಯೇ?

ಹಣದ ವ್ಯವಹಾರವಿಲ್ಲದೆ ಬೀಜ ಹಂಚಿಕೊಳ್ಳುವ ನೆರೆಹೊರೆಯ ಬಳಗಕ್ಕೆ ನೋಂದಣಿಯ ಅಗತ್ಯವಿರುವುದಿಲ್ಲ. ಬಳಗವನ್ನು ಸಂಘವನ್ನಾಗಿ ಮುಂದುವರಿಸಲು ಇಚ್ಛಿಸಿದಲ್ಲಿ, ಕನಿಷ್ಠ 7 ಸದಸ್ಯರು ಸೇರಿ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅನ್ವಯ ಅರ್ಜಿ ಸಲ್ಲಿಸಬಹುದು.

ಕಾನೂನಿನಲ್ಲಿರುವ ಅವಕಾಶ

ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001ರ ಕಲಂ 39ರಂತೆ, ರೈತರು ತಾವು ಬೆಳೆದ ಬೀಜವನ್ನು ಉಳಿಸಿಕೊಳ್ಳಲು, ಬಿತ್ತಲು, ವಿನಿಮಯ ಮಾಡಿಕೊಳ್ಳಲು, ಹಂಚಲು ಹಾಗೂ ಮಾರಲು ಹಕ್ಕುಳ್ಳವರಾಗಿರುತ್ತಾರೆ. ಆದರೆ ಸಂರಕ್ಷಿತ ತಳಿಯ ಬೀಜವನ್ನು ಬ್ರಾಂಡ್ ಹೆಸರಿನಲ್ಲಿ ಮಾರುವಂತಿಲ್ಲ. ಸಾಂಪ್ರದಾಯಿಕ ತಳಿಗಳನ್ನು ಸಂರಕ್ಷಿಸುವವರೂ ಸದರಿ ಕಾಯ್ದೆಯ ‘ರೈತ’ ಎಂಬ ವ್ಯಾಖ್ಯೆಯಲ್ಲಿ ಸೇರಿರುತ್ತಾರೆ.

ಬಳಗವನ್ನು ಆರಂಭಿಸುವ ಕ್ರಮ

1. ಮೊದಲಿಗೆ ಐದಾರು ಮನೆಗಳವರು ಸೇರಿದರೆ ಸಾಕಾಗುತ್ತದೆ. ದೇವಸ್ಥಾನದ ಆವರಣ, ಶಾಲೆ ಅಥವಾ ಸದಸ್ಯರೊಬ್ಬರ ಮನೆಯ ಜಗಲಿಯಲ್ಲಿ ಸಭೆ ಸೇರಬಹುದು.
2. ಮುಂಗಾರಿಗೆ ಮುನ್ನ ಮೇ ತಿಂಗಳಿನಲ್ಲಿ ಮತ್ತು ಹಿಂಗಾರಿಗೆ ಮುನ್ನ ಸೆಪ್ಟೆಂಬರ್ ತಿಂಗಳಿನಲ್ಲಿ ವಿನಿಮಯ ಏರ್ಪಡಿಸುವುದು ಸೂಕ್ತ.
3. ಪ್ರತಿ ಪೊಟ್ಟಣದ ಮೇಲೆ ತಳಿಯ ಹೆಸರು, ಬೀಜ ತೆಗೆದ ತಿಂಗಳು ಹಾಗೂ ವರ್ಷ ಮತ್ತು ಬೆಳೆದವರ ಹೆಸರನ್ನು ಬರೆಯತಕ್ಕದ್ದು.
4. ಯಾರಿಂದ ಯಾರಿಗೆ ಯಾವ ಬೀಜ ನೀಡಲಾಯಿತೆಂಬುದನ್ನು ಒಂದು ಪುಸ್ತಕದಲ್ಲಿ ದಾಖಲಿಸತಕ್ಕದ್ದು. ಬೀಜ ಪಡೆದವರು ಬೆಳೆ ಬಂದ ನಂತರ ಅದರ ಎರಡರಷ್ಟನ್ನು ಬಳಗಕ್ಕೆ ಹಿಂದಿರುಗಿಸುವ ನಿಯಮವನ್ನು ಮಾಡಿಕೊಳ್ಳಬಹುದು.

ಬೀಜಗಳ ಆಯ್ಕೆ ಮತ್ತು ಸಂಗ್ರಹಣೆ

ಟೊಮೆಟೊ, ಅಲಸಂದೆ ಮತ್ತು ಬೀನ್ಸ್ ಬಹುಮಟ್ಟಿಗೆ ಸ್ವಕೀಯ ಪರಾಗಸ್ಪರ್ಶದ ಬೆಳೆಗಳಾಗಿದ್ದು, ಹೊಸಬರು ಇವುಗಳಿಂದ ಆರಂಭಿಸುವುದು ಸುಲಭ. ಕುಂಬಳ, ಸೋರೆ, ಹೀರೆ ಮತ್ತು ಸೌತೆಗಳಲ್ಲಿ ಜೇನ್ನೊಣಗಳು ಪರಾಗವನ್ನು ಸಾಗಿಸುವುದರಿಂದ, ಒಂದೇ ಬೆಳೆಯ ಎರಡು ತಳಿಗಳು ಸಮೀಪದಲ್ಲಿದ್ದರೆ ಬೀಜ ಬೆರಕೆಯಾಗುತ್ತದೆ. ಆದ್ದರಿಂದ ಒಂದು ಹಂಗಾಮಿನಲ್ಲಿ ಬಳಗದವರೆಲ್ಲರೂ ಕುಂಬಳದ ಒಂದೇ ತಳಿಯನ್ನು ಬೆಳೆಯುವಂತೆ ಒಪ್ಪಂದ ಮಾಡಿಕೊಳ್ಳುವುದು ಒಳಿತು. ಹೈಬ್ರಿಡ್ ಬೆಳೆಯಿಂದ ತೆಗೆದ ಬೀಜವು ತಾಯಿ ಗಿಡದ ಗುಣಗಳನ್ನು ಹಾಗೆಯೇ ಉಳಿಸಿಕೊಳ್ಳುವುದಿಲ್ಲವಾದ್ದರಿಂದ ಅದನ್ನು ವಿನಿಮಯಕ್ಕೆ ತರಬಾರದು.

ಬೀಜವನ್ನು ಚೆನ್ನಾಗಿ ಒಣಗಿಸಿ, ಜರಡಿ ಹಿಡಿದ ಒಣ ಬೂದಿಯೊಂದಿಗೆ ಬೆರೆಸಿ, ಗಾಳಿಯಾಡದ ಡಬ್ಬಿಯಲ್ಲಿ ತಂಪಾದ ಜಾಗದಲ್ಲಿ ಇಡತಕ್ಕದ್ದು. ಈರುಳ್ಳಿ ಬೀಜವು ಬೇಗನೆ ಮೊಳಕೆ ಶಕ್ತಿಯನ್ನು ಕಳೆದುಕೊಳ್ಳುವುದರಿಂದ ಅದನ್ನು ಪ್ರತಿ ವರ್ಷ ಹೊಸದಾಗಿ ಬೆಳೆಯಬೇಕಾಗುತ್ತದೆ. ಹಂಚುವ ಮುನ್ನ 20 ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮೊಳಕೆ ಪರೀಕ್ಷೆ ಮಾಡತಕ್ಕದ್ದು. ಅರ್ಧಕ್ಕಿಂತ ಕಡಿಮೆ ಮೊಳೆತಲ್ಲಿ ಆ ಬೀಜವನ್ನು ಹಂಚಬಾರದು.

ಎಚ್ಚರಿಕೆಗಳು

ಬಣ್ಣ ಲೇಪಿತ ಬೀಜಗಳಿಗೆ ಸಾಮಾನ್ಯವಾಗಿ ಕೀಟನಾಶಕ ಅಥವಾ ಶಿಲೀಂಧ್ರನಾಶಕವನ್ನು ಉಪಚರಿಸಿರುವುದರಿಂದ ಅವುಗಳನ್ನು ಮಕ್ಕಳ ಕೈಗೆ ಸಿಗದಂತೆ ಇಡತಕ್ಕದ್ದು. ವಿದೇಶದಲ್ಲಿರುವ ಬಂಧುಗಳು ಅಂಚೆಯಲ್ಲಿ ಕಳುಹಿಸುವ ಅಥವಾ ಸಾಮಾನಿನೊಂದಿಗೆ ತರುವ ಬೀಜಗಳಿಗೂ 2003ರ ಸಸ್ಯ ಕ್ವಾರಂಟೈನ್ ಆದೇಶ ಅನ್ವಯಿಸುತ್ತದೆ. ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಅಂತಹ ಬೀಜಗಳನ್ನು ತರಿಸಿ ಬಿತ್ತಬಾರದು.

ತಳಿಯ ದಾಖಲಾತಿ

ಅಪರೂಪದ ತಳಿ ದೊರೆತಲ್ಲಿ, ಜೀವವೈವಿಧ್ಯ ಕಾಯ್ದೆ, 2002ರ ಅಡಿ ಸ್ಥಳೀಯ ಸಂಸ್ಥೆಯಲ್ಲಿ ರಚಿತವಾಗಿರುವ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ತಿಳಿಸಿ, ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಸೇರಿಸುವಂತೆ ಕೋರಬಹುದು. ರೈತರು ಅಥವಾ ಗ್ರಾಮ ಸಮುದಾಯದವರು ತಳಿಯ ನೋಂದಣಿಗೆ ಅರ್ಜಿ ಸಲ್ಲಿಸಿದಲ್ಲಿ, 2001ರ ಕಾಯ್ದೆಯ ಕಲಂ 44ರಂತೆ ಶುಲ್ಕದಿಂದ ವಿನಾಯಿತಿ ಇರುತ್ತದೆ.

ಹೆಚ್ಚಿನ ತಾಂತ್ರಿಕ ಮಾಹಿತಿಗಾಗಿ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಛೇರಿಯನ್ನು ಅಥವಾ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಕಛೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.