ಪಹಣಿಯ ಲಿಂಕ್ ತೆರೆಯದಿದ್ದರೆ ದಾಖಲೆ ಅಳಿಸಿಹೋಗಿದೆ ಎಂದರ್ಥವೇ?

ಕಮಠಾಣದ ರೈತರೊಬ್ಬರು ಬೆಳೆ ಸಾಲಕ್ಕೆಂದು ಮೊಬೈಲಿನಲ್ಲಿ ಪಹಣಿ ತೆರೆದರು ಎಂದುಕೊಳ್ಳಿ. ಆ ಪುಟದ ಲಿಂಕನ್ನೇ ಕಾಪಿ ಮಾಡಿ ಹೈದರಾಬಾದಿನಲ್ಲಿರುವ ಅಣ್ಣನ ಮಗನಿಗೆ ವಾಟ್ಸ್‌ಆ್ಯಪ್ ಮಾಡಿದರು. ರಾತ್ರಿ ಅವನು ಒತ್ತಿ ನೋಡಿದರೆ ಪುಟ ಖಾಲಿ. "ಕಾಕಾ, ಇದ್ರಾಗ ಏನೂ ಇಲ್ಲರಿ. ದಾಖಲೆ ತೆಗದಾರೇನ್ರಿ?" ಎಂದು ಕೇಳುತ್ತಾನೆ. ಆ ಸ್ಕ್ರೀನ್‌ಶಾಟ್ ಊರಿನ ಗ್ರೂಪಿಗೆ ಬಿದ್ದರೆ ಸಾಕು, ಬೆಳಗಾಗುವಷ್ಟರಲ್ಲಿ "ರೈತರ ಪಹಣಿ ಅಳಿಸುತ್ತಿದ್ದಾರೆ, ಎಲ್ಲರಿಗೂ ತಿಳಿಸಿ" ಎಂಬ ಸಂದೇಶವಾಗಿ ಅದು ಭಾಲ್ಕಿ, ಔರಾದ್‌ವರೆಗೂ ಹೋಗಿರುತ್ತದೆ.

ಲಿಂಕ್ ತೆರೆಯಲಿಲ್ಲ ಎಂಬುದು ನಿಜ. ದಾಖಲೆ ಅಳಿಸಿಹೋಗಿದೆ ಎಂಬುದು ತಪ್ಪು. ಇವೆರಡರ ನಡುವೆ ಇರುವುದು ಟೆಂಪರರಿ ಫೈಲ್, ಅಂದರೆ ತಾತ್ಕಾಲಿಕ ಕಡತ.

ದಾಖಲೆ ಬೇರೆ, ಪ್ರತಿ ಬೇರೆ

ತಹಸೀಲ್ ಕಚೇರಿಯ ರಿಜಿಸ್ಟರನ್ನು ನೆನಪಿಸಿಕೊಳ್ಳಿ. ನೀವು ಕೇಳಿದಾಗ ಅದರ ಜೆರಾಕ್ಸ್ ಕೊಡುತ್ತಾರೆ. ಆ ಜೆರಾಕ್ಸ್ ಹರಿದರೂ ರಿಜಿಸ್ಟರಿಗೆ ಏನೂ ಆಗುವುದಿಲ್ಲ.

ಕರ್ನಾಟಕದ 'ಭೂಮಿ' ಯೋಜನೆ 2000ದ ದಶಕದ ಆರಂಭದಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಅಲ್ಲಿಂದ ಈ ರಿಜಿಸ್ಟರಿನ ಜಾಗದಲ್ಲಿ ಡೇಟಾಬೇಸ್ ಇದೆ. ನೀವು ಸರ್ವೆ ನಂಬರ್ ಹಾಕಿ ಬಟನ್ ಒತ್ತಿದಾಗ ಇಂಥ ಸರ್ವರ್‌ಗಳು ಸಾಮಾನ್ಯವಾಗಿ ಮಾಡುವ ಕೆಲಸ ಇಷ್ಟು: ಡೇಟಾಬೇಸಿನಿಂದ ಮಾಹಿತಿ ತೆಗೆದು, ನಮೂನೆಯಲ್ಲಿ ಕೂರಿಸಿ, ಒಂದು ಪುಟ ಅಥವಾ ಪಿಡಿಎಫ್ ತಯಾರಿಸಿ ನಿಮಗೆ ಕಳುಹಿಸುವುದು. ಮುಂದಿನ ಪುಟ ತೆರೆಯಲು ಅಥವಾ ಪ್ರಿಂಟ್ ಕೊಡಲು ಬೇಕಾಗುತ್ತದೆಂದು ಆ ಪ್ರತಿಯನ್ನು ಸ್ವಲ್ಪ ಹೊತ್ತು ಇಟ್ಟುಕೊಂಡಿರುತ್ತದೆ. ಆಮೇಲೆ ಅಳಿಸುತ್ತದೆ. ಅಣ್ಣನ ಮಗನಿಗೆ ಹೋದದ್ದು ಈ ಪ್ರತಿಯ ವಿಳಾಸ.

ಎಷ್ಟು ಹೊತ್ತು ಇರುತ್ತದೆ?

ಅದು ಸಾಫ್ಟ್‌ವೇರ್ ಮತ್ತು ಅದನ್ನು ನಡೆಸುವವರ ಮೇಲೆ ನಿಂತಿದೆ. ಕಚೇರಿಗಳಲ್ಲಿ ಬಳಕೆಯಲ್ಲಿರುವ ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ರಿಪೋರ್ಟಿಂಗ್ ಸರ್ವಿಸಸ್ ಇಂಥ ತಾತ್ಕಾಲಿಕ ಮಾಹಿತಿಗೆಂದೇ ಪ್ರತ್ಯೇಕ ಡೇಟಾಬೇಸ್ ಇಟ್ಟುಕೊಳ್ಳುತ್ತದೆ. ಯಾರೂ ಬದಲಿಸದಿದ್ದರೆ ಅದರಲ್ಲಿ ಒಂದು ಸೆಷನ್ನಿನ ಅವಧಿ 600 ಸೆಕೆಂಡ್, ಅಂದರೆ 10 ನಿಮಿಷ. ಅವಧಿ ಮುಗಿದವುಗಳನ್ನು ಗುಡಿಸುವ ಕೆಲಸವೂ 10 ನಿಮಿಷಕ್ಕೊಮ್ಮೆ ನಡೆಯುತ್ತದೆ.

ಅಳಿಸದೆ ಇಟ್ಟರೆ ಏನು ತೊಂದರೆ?

ಮೊದಲನೆಯದು ಜಾಗ. ಬೆಳೆ ವಿಮೆಯ ಕೊನೆಯ ದಿನಗಳಲ್ಲಿ ಎಲ್ಲರೂ ಒಟ್ಟಿಗೆ ಪಹಣಿ ತೆರೆಯುತ್ತಾರೆ. ಒಬ್ಬೊಬ್ಬರಿಗೂ ಒಂದೊಂದು ಫೈಲ್ ಉಳಿದರೆ ಡಿಸ್ಕ್ ತುಂಬುತ್ತದೆ, ಹೊಸ ವರದಿ ತಯಾರಾಗುವುದಿಲ್ಲ. ಕ್ರಿಸ್ಟಲ್ ರಿಪೋರ್ಟ್ಸ್ ಎಂಬ ಸಾಫ್ಟ್‌ವೇರಿನಲ್ಲಿ, ಮುಗಿದ ವರದಿಗಳನ್ನು ಪ್ರೋಗ್ರಾಂ ಸರಿಯಾಗಿ ಮುಚ್ಚದೆ ಬಿಟ್ಟರೆ 75 ವರದಿಗಳ ಮಿತಿ ಮುಟ್ಟಿದ ಕೂಡಲೇ ಮುಂದಿನದು ತೆರೆಯುವುದಿಲ್ಲ. ಡಿಸ್ಕಿನಲ್ಲಿ ಜಾಗ ಇದ್ದರೂ ಹೀಗಾಗುತ್ತದೆ. ಕಂಪ್ಯೂಟರ್ ಅಂಗಡಿಯಲ್ಲಿ ಕೇಳಿಸುವ "ಸರ್ವರ್ ಡೌನ್" ಎಂಬ ಮಾತಿನ ಹಿಂದೆ ಹಲವು ಕಾರಣಗಳಿರಬಹುದು. ಇದೂ ಒಂದು.

ಎರಡನೆಯದು ಗುಟ್ಟು. ಸರ್ವೆ ನಂಬರ್ ಗೊತ್ತಿದ್ದರೆ ಪಹಣಿಯನ್ನು ಯಾರು ಬೇಕಾದರೂ ನೋಡಬಹುದು. ಆದರೆ ರಕ್ತ ಪರೀಕ್ಷೆಯ ವರದಿ, ಸಂಬಳದ ಚೀಟಿ ಹಾಗಲ್ಲ. ಅಂಥ ಫೈಲುಗಳಿಗೆ 101, 102, 103 ಎಂದು ಸಾಲಾಗಿ ಹೆಸರಿಟ್ಟು ಎಲ್ಲರಿಗೂ ತೆರೆದ ಫೋಲ್ಡರಿನಲ್ಲಿ ಬಿಟ್ಟರೆ, ಒಂದು ಅಂಕಿ ಬದಲಿಸಿದವರಿಗೆ ಇನ್ನೊಬ್ಬರ ವರದಿ ಸಿಗುತ್ತದೆ. ಆದ್ದರಿಂದ ಒಳ್ಳೆಯ ವ್ಯವಸ್ಥೆಯಲ್ಲಿ ಊಹಿಸಲಾಗದ ಉದ್ದ ಹೆಸರಿಡುತ್ತಾರೆ, ಕೇಳಿದವರು ಯಾರೆಂದು ಪರೀಕ್ಷಿಸುತ್ತಾರೆ, ಬಳಕೆಯಲ್ಲಿಲ್ಲದ ಹಳೆಯ ಫೈಲುಗಳನ್ನು ಹೊತ್ತು ಹೊತ್ತಿಗೆ ಅಳಿಸುತ್ತಾರೆ. ಕೆಲಸ ಮುಗಿದ ಮೇಲೆ ವೈಯಕ್ತಿಕ ಮಾಹಿತಿಯನ್ನು ಇಟ್ಟುಕೊಳ್ಳಬಾರದು ಎಂಬ ತತ್ವ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೂ ಇದೆ.

ಮೊಬೈಲಿನ ಕ್ಯಾಶ್ ಅಳಿಸಿದರೆ ದಾಖಲೆ ಹೋಗುತ್ತದೆಯೇ?

ಇಲ್ಲ. ಕ್ಯಾಶ್ ನಿಮ್ಮ ಮೊಬೈಲಿನಲ್ಲಿರುವ ತಾತ್ಕಾಲಿಕ ಪ್ರತಿ ಮಾತ್ರ. ಹಾಗೆಯೇ ಸರ್ವರ್‌ನಲ್ಲಿ ಪ್ರತಿ ಅಳಿದರೆ ಎಲ್ಲ ಕಡೆಯೂ ಅಳಿಯಿತು ಎಂದುಕೊಳ್ಳಬೇಡಿ. ಕಂಪ್ಯೂಟರ್ ಅಂಗಡಿಯಲ್ಲಿ ಡೌನ್‌ಲೋಡ್ ಮಾಡಿಸಿದ ಫೈಲ್ ಅಲ್ಲಿನ 'ಡೌನ್‌ಲೋಡ್ಸ್' ಫೋಲ್ಡರಿನಲ್ಲಿ, ಪ್ರಿಂಟಿಗೆಂದು ಕಳುಹಿಸಿದ್ದು ಅಂಗಡಿಯವರ ವಾಟ್ಸ್‌ಆ್ಯಪಿನಲ್ಲಿ ಹಾಗೆಯೇ ಉಳಿದಿರುತ್ತದೆ. ಅದನ್ನು ಯಾವ ಸರ್ವರ್ ಕೂಡ ಗುಡಿಸುವುದಿಲ್ಲ.

ನೀವು ಮಾಡಬೇಕಾದದ್ದು

• ಲಿಂಕ್ ಕಳುಹಿಸಬೇಡಿ. ಪಿಡಿಎಫ್ ಡೌನ್‌ಲೋಡ್ ಮಾಡಿ ಫೈಲನ್ನೇ ಕಳುಹಿಸಿ.

• ಲಿಂಕ್ ತೆರೆಯದಿದ್ದರೆ ಅಧಿಕೃತ ಜಾಲತಾಣಕ್ಕೆ ಹೋಗಿ ಸರ್ವೆ ನಂಬರ್ ಹಾಕಿ ಹೊಸದಾಗಿ ಹುಡುಕಿ. ಡೇಟಾಬೇಸಿನಲ್ಲಿರುವುದು ಮತ್ತೆ ಬರುತ್ತದೆ.

• ಹೊಸದಾಗಿ ತೆರೆದ ಪಹಣಿಯಲ್ಲೇ ಹೆಸರು ಅಥವಾ ವಿಸ್ತೀರ್ಣ ಬದಲಾಗಿದ್ದರೆ ಅದು ಬೇರೆ ವಿಷಯ. ತಡಮಾಡದೆ ಮ್ಯುಟೇಶನ್ ವಿವರ ನೋಡಿ, ತಹಸೀಲ್ ಕಚೇರಿಯಲ್ಲಿ ವಿಚಾರಿಸಿ.

• ಅಂಗಡಿಯಿಂದ ಹೊರಡುವ ಮುನ್ನ ನಿಮ್ಮ ಫೈಲನ್ನು ಎದುರಿಗೇ ಅಳಿಸಿ, ರಿಸೈಕಲ್ ಬಿನ್ನಿನಿಂದಲೂ ತೆಗೆಯಲು ಹೇಳಿ.

• "ಲಿಂಕ್ ಅವಧಿ ಮುಗಿದಿದೆ, ಪಹಣಿ ಮರಳಿ ಪಡೆಯಲು ಈ ಆ್ಯಪ್ ಹಾಕಿಕೊಳ್ಳಿ" ಎಂದು ಎಪಿಕೆ ಫೈಲ್ ಬಂದರೆ ಮುಟ್ಟಬೇಡಿ. ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ.

ತೀರ್ಮಾನ: ಲಿಂಕ್ ತೆರೆಯದಿರುವುದು ಪಹಣಿ ಅಳಿಸಿದ್ದಕ್ಕೆ ಸಾಕ್ಷಿಯಲ್ಲ. ಇಂಥ ಸ್ಕ್ರೀನ್‌ಶಾಟ್ ನಿಮ್ಮ ಗ್ರೂಪಿಗೆ ಬಂದರೆ ಫಾರ್ವರ್ಡ್ ಮಾಡುವ ಮೊದಲು ಸರ್ವೆ ನಂಬರ್ ಹಾಕಿ ಒಮ್ಮೆ ನೀವೇ ನೋಡಿ.