ಕೆಲಸಕ್ಕೆ ಹೊರಡುವ ಮುನ್ನ ಅನುಸರಿಸಬೇಕಾದ ಆರೋಗ್ಯಕರ ಅಭ್ಯಾಸಗಳು: ಹೇರೋಹಳ್ಳಿ ಪ್ರದೇಶದ ನಾಗರಿಕರಿಗೆ ಮಾಹಿತಿ

1. ಪೀಠಿಕೆ

ಹೇರೋಹಳ್ಳಿಯು ಬೆಂಗಳೂರು ನಗರದ ಪಶ್ಚಿಮ ಭಾಗದಲ್ಲಿ, ಮಾಗಡಿ ರಸ್ತೆಗೆ ಹೊಂದಿಕೊಂಡಿರುವ ಜನವಸತಿ ಪ್ರದೇಶವಾಗಿದೆ. ಹೇರೋಹಳ್ಳಿ, ಸುಂಕದಕಟ್ಟೆ ಹಾಗೂ ಬ್ಯಾಡರಹಳ್ಳಿ ಭಾಗಗಳಿಂದ ಅನೇಕರು ಪೀಣ್ಯ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ, ಸಿದ್ಧ ಉಡುಪು ಘಟಕಗಳಿಗೆ ಹಾಗೂ ನಗರದ ಇತರೆಡೆಯ ಕಚೇರಿಗಳಿಗೆ ಪ್ರತಿದಿನ ಬೆಳಗ್ಗೆ ತೆರಳುತ್ತಾರೆ. ಹೊರಡುವ ಅವಸರದಲ್ಲಿ ಉಪಾಹಾರ, ನೀರು, ಔಷಧಿ ಇವುಗಳನ್ನು ಬಿಟ್ಟುಬಿಡುವುದು ಸಾಮಾನ್ಯವಾಗಿದೆ. ಇದರಿಂದ ಆರೋಗ್ಯಕ್ಕೆ ಹಾನಿಯಾಗುವುದಲ್ಲದೆ, ಯಂತ್ರದ ಮುಂದೆ ಕೆಲಸ ಮಾಡುವವರಿಗೆ ಅಪಘಾತದ ಸಂಭವವೂ ಇರುತ್ತದೆ. ಆದ್ದರಿಂದ ಸಾರ್ವಜನಿಕರ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ನಿದ್ರೆ ಮತ್ತು ಹಿಂದಿನ ರಾತ್ರಿಯ ಸಿದ್ಧತೆ

ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆಗಳ ನಿದ್ರೆ ಅವಶ್ಯಕ. ಬೆಳಗ್ಗೆ 5.30ಕ್ಕೆ ಏಳಬೇಕಾದವರು ರಾತ್ರಿ 10.30ರೊಳಗೆ ಮಲಗತಕ್ಕದ್ದು. ನಿದ್ರೆಯನ್ನು ಕಡಿತಗೊಳಿಸಿ ಬೇಗ ಏಳುವುದು ಉತ್ತಮ ಅಭ್ಯಾಸವೆನಿಸುವುದಿಲ್ಲ. ತರಕಾರಿ ಹೆಚ್ಚಿಟ್ಟುಕೊಳ್ಳುವುದು, ಕಾಳು ನೆನೆಸುವುದು, ಬಟ್ಟೆ ತೆಗೆದಿಡುವುದು, ಗುರುತಿನ ಚೀಟಿ ಹಾಗೂ ಮಕ್ಕಳ ಶಾಲಾ ಚೀಲ ಸಿದ್ಧಪಡಿಸುವುದು ಮುಂತಾದ ಕೆಲಸಗಳನ್ನು ರಾತ್ರಿಯೇ ಮುಗಿಸಿಕೊಂಡಲ್ಲಿ ಬೆಳಗಿನ ಒತ್ತಡ ಕಡಿಮೆಯಾಗುತ್ತದೆ.

3. ನೀರು ಸೇವನೆ

ಎದ್ದ ನಂತರ ಒಂದೆರಡು ಲೋಟ ಶುದ್ಧ ನೀರು ಕುಡಿಯುವುದು ಸೂಕ್ತ. ಕೆಲಸದ ಸ್ಥಳದಲ್ಲಿ ಶೌಚಾಲಯಕ್ಕೆ ಹೋಗಲು ಸಮಯ ದೊರೆಯುವುದಿಲ್ಲವೆಂಬ ಕಾರಣಕ್ಕೆ ಅನೇಕ ಮಹಿಳೆಯರು ಬೆಳಗ್ಗೆಯಿಂದಲೇ ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಾರೆ. ನೀರು ಕಡಿಮೆ ಕುಡಿಯುವುದು ಹಾಗೂ ಮೂತ್ರವನ್ನು ದೀರ್ಘಕಾಲ ತಡೆಹಿಡಿಯುವುದು ಮೂತ್ರನಾಳದ ಸೋಂಕಿಗೆ ದಾರಿ ಮಾಡಿಕೊಡುತ್ತದೆ. ಮನೆಯಿಂದ ಹೊರಡುವ ಮುನ್ನ ಶೌಚ ಕಾರ್ಯ ಮುಗಿಸಲು ಸಾಕಷ್ಟು ಸಮಯ ಇಟ್ಟುಕೊಳ್ಳತಕ್ಕದ್ದು.

4. ವ್ಯಾಯಾಮ

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆ ನಡೆಸಬೇಕು. ವಾರದಲ್ಲಿ 5 ದಿನ 30 ನಿಮಿಷಗಳ ಚುರುಕು ನಡಿಗೆ ಇದಕ್ಕೆ ಸಾಕಾಗುತ್ತದೆ. ಹೇರೋಹಳ್ಳಿ ಕೆರೆಯ ಪರಿಸರ ಹಾಗೂ ಬಡಾವಣೆಯ ಉದ್ಯಾನಗಳನ್ನು ಇದಕ್ಕೆ ಬಳಸಿಕೊಳ್ಳಬಹುದು. ವಾಹನ ದಟ್ಟಣೆಯ ಮುಖ್ಯರಸ್ತೆಯ ಅಂಚಿನಲ್ಲಿ ನಡೆಯುವುದು ಸೂಕ್ತವಲ್ಲ. ದಿನವಿಡೀ ಕುಳಿತು ಹೊಲಿಗೆ ಅಥವಾ ಗಣಕಯಂತ್ರದ ಕೆಲಸ ಮಾಡುವವರು ಕುತ್ತಿಗೆ, ಭುಜ ಹಾಗೂ ಬೆನ್ನಿನ ಸರಳ ವ್ಯಾಯಾಮಗಳನ್ನು 10 ನಿಮಿಷ ಮಾಡುವುದರಿಂದ ಪ್ರಯೋಜನವಿದೆ.

5. ಉಪಾಹಾರ

2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಗರ್ಭಿಣಿಯರಲ್ಲದ ಮಹಿಳೆಯರಲ್ಲಿ ಹಿಮೋಗ್ಲೋಬಿನ್ ಪ್ರಮಾಣ 12 ಗ್ರಾಂಗಿಂತ ಕಡಿಮೆ ಇದ್ದಲ್ಲಿ ರಕ್ತಹೀನತೆ ಎಂದು ಪರಿಗಣಿಸಲಾಗುತ್ತದೆ. ಬೇಗ ಆಯಾಸಗೊಳ್ಳುವುದು, ಏದುಸಿರು, ತಲೆಸುತ್ತು ಇದರ ಲಕ್ಷಣಗಳು. ಈ ಹಿನ್ನೆಲೆಯಲ್ಲಿ ಗಮನಿಸಬೇಕಾದ ಅಂಶಗಳು:

(ಅ) ಕೇವಲ ಕಾಫಿ ಅಥವಾ ಚಹಾ ಕುಡಿದು ಹೊರಡಬಾರದು. ಇವು ಆಹಾರದಲ್ಲಿನ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳುವುದಕ್ಕೆ ಅಡ್ಡಿಪಡಿಸುತ್ತವೆ. ಊಟ, ಉಪಾಹಾರಗಳಿಗೂ ಇವುಗಳಿಗೂ ಒಂದು ಗಂಟೆಯ ಅಂತರವಿರಲಿ.

(ಆ) ರಾಗಿ ರೊಟ್ಟಿ, ರಾಗಿ ಅಂಬಲಿ, ಇಡ್ಲಿ, ಅವಲಕ್ಕಿ, ತರಕಾರಿ ಉಪ್ಪಿಟ್ಟು ಮುಂತಾದವು ಕಡಿಮೆ ವೆಚ್ಚದ ಉಪಾಹಾರಗಳು. 100 ಗ್ರಾಂ ರಾಗಿಯಲ್ಲಿ 340 ಮಿ.ಗ್ರಾಂ.ಗೂ ಹೆಚ್ಚು ಸುಣ್ಣದ ಅಂಶವಿದೆ.

(ಇ) ಮೊಳಕೆ ಕಾಳು, ಸೊಪ್ಪು ಅಥವಾ ಮೊಟ್ಟೆಯನ್ನು ಸೇರಿಸಿಕೊಳ್ಳುವುದು ಉತ್ತಮ. ಅವಲಕ್ಕಿ, ಚಿತ್ರಾನ್ನಗಳಿಗೆ ನಿಂಬೆಹಣ್ಣು ಹಿಂಡಿಕೊಂಡಲ್ಲಿ ಕಬ್ಬಿಣಾಂಶ ಹೆಚ್ಚು ಹೀರಲ್ಪಡುತ್ತದೆ.

(ಈ) ಅಡುಗೆಗೆ ಅವಕಾಶವಿಲ್ಲದವರು, ಒಂಟಿಯಾಗಿ ವಾಸಿಸುವವರು, 2017ರ ಆಗಸ್ಟ್‌ನಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನ್‌ಗಳಲ್ಲಿ ರಿಯಾಯಿತಿ ದರದ ಉಪಾಹಾರ ಪಡೆಯಬಹುದು.

6. ಔಷಧಿ ಸೇವಿಸುವವರ ಗಮನಕ್ಕೆ

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಕೆಲವು ಮಾತ್ರೆಗಳನ್ನು ಪಡೆದು ಉಪಾಹಾರ ಸೇವಿಸದಿದ್ದಲ್ಲಿ ರಕ್ತದ ಸಕ್ಕರೆ ಪ್ರಮಾಣ 70 ಮಿ.ಗ್ರಾಂ.ಗಿಂತ ಕೆಳಗಿಳಿಯುವ ಅಪಾಯವಿದೆ. ಬೆವರು, ನಡುಕ, ಕಣ್ಣು ಮಂಜಾಗುವುದು ಹಾಗೂ ಗೊಂದಲ ಇದರ ಲಕ್ಷಣಗಳು. ಕೂಡಲೇ 3 ಚಹಾ ಚಮಚದಷ್ಟು ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯತಕ್ಕದ್ದು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು. ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ, ಕಾಫಿ ಮತ್ತು ಉಪಾಹಾರಕ್ಕಿಂತ 30ರಿಂದ 60 ನಿಮಿಷ ಮುಂಚಿತವಾಗಿ ಸೇವಿಸಬೇಕು. ರಕ್ತದೊತ್ತಡದ ಮಾತ್ರೆಯನ್ನು ವೈದ್ಯರ ಸಲಹೆಯಿಲ್ಲದೆ ನಿಲ್ಲಿಸಬಾರದು.

7. ಮನೆಗೆಲಸದ ಹಂಚಿಕೆ

ಕೇಂದ್ರ ಸರ್ಕಾರವು 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯಂತೆ, ವೇತನರಹಿತ ಗೃಹಕೃತ್ಯದಲ್ಲಿ ತೊಡಗುವ ಮಹಿಳೆಯರು ದಿನಕ್ಕೆ 289 ನಿಮಿಷ ಹಾಗೂ ಪುರುಷರು 88 ನಿಮಿಷ ವ್ಯಯಿಸುತ್ತಾರೆ. ಮನೆಯವರಿಗೆಲ್ಲ ಬಡಿಸಿ, ಡಬ್ಬಿ ಕಟ್ಟಿ, ತಾವು ಮಾತ್ರ ಉಪವಾಸ ಹೊರಡುವ ಮಹಿಳೆಯರ ಪರಿಸ್ಥಿತಿಗೆ ಇದು ಮುಖ್ಯ ಕಾರಣ. ನೀರು ಹಿಡಿಯುವುದು, ಹಾಸಿಗೆ ಮಡಿಸುವುದು, ಮಕ್ಕಳಿಗೆ ಸ್ನಾನ ಮಾಡಿಸುವುದು, ಪಾತ್ರೆ ತೊಳೆಯುವುದು ಇವುಗಳನ್ನು ಪುರುಷರು ಹಾಗೂ ದೊಡ್ಡ ಮಕ್ಕಳು ವಹಿಸಿಕೊಂಡಲ್ಲಿ ಎಲ್ಲರೂ ಕುಳಿತು ಉಣ್ಣಲು ಸಮಯ ದೊರೆಯುತ್ತದೆ.

8. ಮಾದರಿ ವೇಳಾಪಟ್ಟಿ (ಬೆಳಗ್ಗೆ 8 ಗಂಟೆಗೆ ಹೊರಡುವವರಿಗೆ)

ರಾತ್ರಿ 10.00 – ನಿದ್ರೆ
5.30 – ಏಳುವುದು, ನೀರು ಸೇವನೆ
5.45 – ನಡಿಗೆ ಅಥವಾ ವ್ಯಾಯಾಮ
6.15 – ಅಡುಗೆ, ಸ್ನಾನ, ಮಕ್ಕಳ ಸಿದ್ಧತೆ (ಹಂಚಿಕೊಂಡು)
7.15 – ಉಪಾಹಾರ
7.35 – ಔಷಧಿ, ಡಬ್ಬಿ, ನೀರಿನ ಬಾಟಲಿ ಪರಿಶೀಲನೆ
8.00 – ಹೊರಡುವುದು

ಪಾಳಿಯಲ್ಲಿ ಕೆಲಸ ಮಾಡುವವರು ತಮ್ಮ ವೇಳೆಗೆ ತಕ್ಕಂತೆ ಬದಲಾಯಿಸಿಕೊಳ್ಳಬಹುದು.

9. ಪ್ರಯಾಣ

ಮಾಗಡಿ ರಸ್ತೆಯಲ್ಲಿ ಬೆಳಗಿನ ದಟ್ಟಣೆ ಹೆಚ್ಚಿರುವುದರಿಂದ 15 ನಿಮಿಷ ಮುಂಚಿತವಾಗಿ ಹೊರಡುವುದು ಸೂಕ್ತ. ದ್ವಿಚಕ್ರ ವಾಹನದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರು ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು. ಗುರುತಿನ ಚೀಟಿ ಜೊತೆಯಲ್ಲಿರಬೇಕು. ಹೊಸಹಳ್ಳಿಯಿಂದ ಕಡಬಗೆರೆವರೆಗಿನ ಮೆಟ್ರೋ ಮಾರ್ಗವು 2024ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟದ ಅನುಮೋದನೆ ಪಡೆದ ಮೂರನೇ ಹಂತದ ಯೋಜನೆಯಲ್ಲಿ ಸೇರಿದ್ದು, ಹೇರೋಹಳ್ಳಿಯೂ ಈ ಮಾರ್ಗದಲ್ಲಿ ಬರುತ್ತದೆ.

10. ಸರ್ಕಾರಿ ಕಚೇರಿಗೆ ಹೋಗಬೇಕಾದ ದಿನ

ದಾಖಲೆ ಮರೆತು ಎರಡನೇ ಬಾರಿ ಬರುವುದೆಂದರೆ ದಿನಗೂಲಿ ನೌಕರರಿಗೆ ಮತ್ತೊಂದು ದಿನದ ಕೂಲಿ ನಷ್ಟ. ಇದನ್ನು ತಪ್ಪಿಸಲು:

(ಅ) ರಾಜ್ಯ ಸರ್ಕಾರಿ ಕಚೇರಿಗಳ ವೇಳೆ ಸಾಮಾನ್ಯವಾಗಿ ಬೆಳಗ್ಗೆ 10ರಿಂದ ಸಂಜೆ 5.30. ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ ಇರುತ್ತದೆ.

(ಆ) ಮೂಲ ದಾಖಲೆ ಹಾಗೂ ನಕಲು ಪ್ರತಿಗಳನ್ನು ಹಿಂದಿನ ರಾತ್ರಿಯೇ ಜೋಡಿಸಿಟ್ಟುಕೊಳ್ಳತಕ್ಕದ್ದು.

(ಇ) ಸೇವಾ ಸಿಂಧು ಜಾಲತಾಣ ಅಥವಾ ಬೆಂಗಳೂರು ಒನ್ ಕೇಂದ್ರದಲ್ಲಿ ಲಭ್ಯವಿರುವ ಸೇವೆಗಳಿಗೆ ಕಚೇರಿಗೆ ಬರುವ ಅಗತ್ಯವಿರುವುದಿಲ್ಲ.

(ಈ) ಸಕಾಲ ವ್ಯಾಪ್ತಿಯ ಸೇವೆಗಳಿಗೆ 15 ಅಂಕಿಗಳ ಸ್ವೀಕೃತಿ ಸಂಖ್ಯೆ ಪಡೆಯುವುದು ಅರ್ಜಿದಾರರ ಹಕ್ಕು. ಈ ಸಂಖ್ಯೆಯಿಂದ ಅರ್ಜಿಯ ಸ್ಥಿತಿಯನ್ನು ಮನೆಯಿಂದಲೇ ತಿಳಿಯಬಹುದು. ನಿಗದಿತ ಅವಧಿ ಮೀರಿದಲ್ಲಿ ದಿನಕ್ಕೆ 20 ರೂ.ಗಳಂತೆ ಗರಿಷ್ಠ 500 ರೂ.ಗಳ ಪರಿಹಾರ ಕೋರಲು 2011ರ ಅಧಿನಿಯಮದಲ್ಲಿ ಅವಕಾಶವಿದೆ.

(ಉ) ಸರದಿಯಲ್ಲಿ ಕಾಯಬೇಕಾಗಬಹುದಾದ್ದರಿಂದ ಉಪಾಹಾರ ಸೇವಿಸಿಯೇ ಬರುವುದು. ವೃದ್ಧರು ಹಾಗೂ ಗರ್ಭಿಣಿಯರು ನೀರು ಮತ್ತು ಔಷಧಿ ಜೊತೆಯಲ್ಲಿಟ್ಟುಕೊಳ್ಳುವುದು.

11. ವಿಶೇಷ ಸೂಚನೆ

ಮೇಲ್ಕಂಡ ಮಾಹಿತಿ ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ವೈದ್ಯರ ಸಲಹೆಗೆ ಪರ್ಯಾಯವಲ್ಲ. ಸತತ ಆಯಾಸ, ತಲೆಸುತ್ತು ಇರುವವರು ಸಮೀಪದ ನಮ್ಮ ಕ್ಲಿನಿಕ್ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಪಾಸಣೆ ಮಾಡಿಸಿಕೊಳ್ಳಬೇಕು. ಕಾರ್ಮಿಕ ರಾಜ್ಯ ವಿಮೆಗೆ ಒಳಪಟ್ಟವರು ಮತ್ತು ಅವರ ಅವಲಂಬಿತರು ತಮಗೆ ನಿಗದಿಯಾದ ಇ.ಎಸ್.ಐ. ಚಿಕಿತ್ಸಾಲಯ ಹಾಗೂ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯ ಸೌಲಭ್ಯ ಪಡೆಯಬಹುದು. ಸಾರ್ವಜನಿಕರು ಇದರ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.